ತುಳಸಕ್ಕ ಕೇಳಿದ ಶಿಕ್ಷೆ

ಕುಮಟಾದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ನಾನು ಬೆಂಚ್ ಕ್ಲಾರ್ಕ್ ಆಗಿ ಬಂದದ್ದು 1979ರಲ್ಲಿ. ಈಗ ಹೇಳಹೊರಟಿರುವ ಪ್ರಕರಣ 1987ರದ್ದು. ಅದಕ್ಕೂ ಮೊದಲು ಭಟ್ಕಳದ ಕೋರ್ಟಿನಲ್ಲಿ ಬಾಗಿಲು ಕಾಯುವ ಪಟ್ಟೇವಾಲನಾಗಿ, ಹೊನ್ನಾವರದಲ್ಲಿ ನಕಲು ಗುಮಾಸ್ತನಾಗಿ ದುಡಿದಿದ್ದೆ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಮುಂದಿನ ಓದೆಲ್ಲ ಕೋರ್ಟಿನ ಕಪಾಟಿನಲ್ಲಿದ್ದ ಕಾನೂನು ಪುಸ್ತಕಗಳಿಂದ ಮತ್ತು ಬೆನ್ನು ಕಿತ್ತುಹೋದ ಒಂದು ನಿಘಂಟಿನಿಂದ ಆದದ್ದು. ಬೆಂಚ್ ಕ್ಲಾರ್ಕ್ ಎಂದರೆ ನ್ಯಾಯಾಧೀಶರ ಪೀಠದ ಕೆಳಗಿನ ಮೇಜಿನಲ್ಲಿ ಕುಳಿತು ಪ್ರಕರಣಗಳನ್ನು ಕೂಗಿಸುವವನು, ಹೇಳಿಕೆಗಳನ್ನು ಬರೆದುಕೊಳ್ಳುವವನು, ಕಡತಗಳನ್ನು ಕಾಯುವವನು. ಎಲ್ಲರ ಮಾತನ್ನೂ ಕೇಳಿಸಿಕೊಳ್ಳಲೇಬೇಕು, ತಾನು ಮಾತ್ರ ಬಾಯಿ ತೆರೆಯಬಾರದು: ಇದು ಆ ಕುರ್ಚಿಯ ಧರ್ಮ.

ಧಾರೇಶ್ವರದ ಮಾದೇವನ ಪ್ರಕರಣದ ಬಗ್ಗೆ ಕುಮಟೆಯ ಪೇಟೆಯಲ್ಲಿ ಇಂದಿಗೂ ಮೂರು ಕಥೆಗಳು ಓಡಾಡುತ್ತವೆ. ಪೊಲೀಸರು ಹೊಡೆದು ಒಪ್ಪಿಸಿದರು ಎಂಬುದು ಒಂದು. ಅವನ ವಕೀಲರೇ ಎದುರು ಪಕ್ಷದೊಡನೆ ಸೇರಿಕೊಂಡರು ಎಂಬುದು ಇನ್ನೊಂದು. ತಮ್ಮ ಮೇಲೆ ಅನುಮಾನ ಬಾರದಿರಲೆಂದು ಕೇರಿಯವರೇ ಅವನನ್ನು ಹಿಡಿದುಕೊಟ್ಟರು ಎಂಬುದು ಮೂರನೆಯದು. ನಾನು ಅಲ್ಲಿದ್ದೆ. ಈ ಮೂರೂ ನಿಜವಲ್ಲ. ನಡೆದದ್ದನ್ನು ಕೂತು ಕೇಳುವ ತಾಳ್ಮೆ ಇಲ್ಲದವರು ಇಂಥ ಕಥೆಗಳನ್ನು ಕಟ್ಟಿಕೊಳ್ಳುತ್ತಾರೆ.

ಮೊದಲು ಒಂದು ಹಳೆಯ ಸಂಗತಿಯನ್ನು ಹೇಳಬೇಕು. 1981ರಲ್ಲಿ ಮಿರ್ಜಾನದ ದೋಣಿಯವನೊಬ್ಬ ಸೌದೆಯ ಅಡಿಯಲ್ಲಿ ಗಾಂಜಾ ಮೂಟೆ ಸಾಗಿಸುವಾಗ ಸಿಕ್ಕಿಬಿದ್ದ. ಆಗ ಇದ್ದದ್ದು ಹಳೆಯ ಕಾನೂನು. ಅಪರಾಧ ಸಾಬೀತಾದ ಮೇಲೆಯೂ, ಮನುಷ್ಯ ತಿದ್ದಿಕೊಳ್ಳಬಹುದು ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ, ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅವಕಾಶವಿತ್ತು. ಅದಕ್ಕೆ ಪ್ರೊಬೇಷನ್ ಎನ್ನುತ್ತಾರೆ. ಆ ದೋಣಿಯವ ಮೊದಲ ದಿನವೇ ತಪ್ಪು ಒಪ್ಪಿಕೊಂಡ. ಕಾರವಾರದಿಂದ ಪ್ರೊಬೇಷನ್ ಅಧಿಕಾರಿ ಬಂದು, ಮಿರ್ಜಾನಕ್ಕೆ ಹೋಗಿ, ಅವನ ಜಾತಿಯ ಹಿರಿಯರನ್ನು ಕೂರಿಸಿಕೊಂಡು ಮಾತನಾಡಿ ವರದಿ ಕೊಟ್ಟರು. ಹಿರಿಯರು ನಮ್ಮ ಕೋರ್ಟಿಗೇ ಬಂದು, ಇವನನ್ನು ನಾವು ನೋಡಿಕೊಳ್ಳುತ್ತೇವೆ, ಒಬ್ಬಂಟಿಯಾಗಿ ದೋಣಿ ಹತ್ತಲು ಬಿಡುವುದಿಲ್ಲ ಎಂದು ಹೇಳಿ ಜಾಮೀನು ನಿಂತರು. ಎರಡು ವರ್ಷದ ಮುಚ್ಚಳಿಕೆಯ ಅವಧಿ ತಕರಾರಿಲ್ಲದೆ ಮುಗಿಯಿತು.

ಕೋರ್ಟಿಗೆ ಅದು ಒಂದು ಕಡತ. ಹೊಳೆಯ ದಡದ ಊರುಗಳಿಗೆ ಅದೊಂದು ಪಾಠವಾಯಿತು. ಪೂರ್ತಿ ಒಪ್ಪಿಕೋ, ಆಮೇಲೆ ಹಿರಿಯರು ಮಾತನಾಡುತ್ತಾರೆ, ಆಮೇಲೆ ಕೋರ್ಟು ನಿನ್ನನ್ನು ನಮಗೆ ಬಿಡುತ್ತದೆ. ಇದನ್ನು ಅವರು ಅಷ್ಟು ಬೇಗ ನಂಬಲು ಕಾರಣವಿತ್ತು: ಅವರ ಕೂಟದ ಪದ್ಧತಿಯೂ ಅದೇ ಆಗಿತ್ತು. ಮೀನುಗಾರರ ಕೇರಿಯಲ್ಲಿ ತಪ್ಪು ನಡೆದರೆ ಕೂಟ ಸೇರುತ್ತದೆ. ಬುಧವಂತ ಎಂಬ ಹಿರಿಯ ಅದನ್ನು ನಡೆಸುತ್ತಾನೆ. ತಪ್ಪು ಮಾಡಿದವನು ನಡುವೆ ನಿಂತು, ಮಾಡಿದ್ದಷ್ಟನ್ನೂ, ಯಾರೂ ಕೇಳದೆ ಇದ್ದದ್ದನ್ನೂ, ತಾನೇ ಹೇಳಬೇಕು. ಅಲ್ಲಿಯವರೆಗೆ ಅವನ ಪರವಾಗಿ ಯಾರೂ ಒಂದು ಅಕ್ಷರ ಆಡುವಂತಿಲ್ಲ, ಹೆತ್ತ ತಾಯಿ ಕೂಡ. ಹೇಳಿ ಮುಗಿಸಿದ ಮೇಲೆ ಅವನು ಆಡುವಂತಿಲ್ಲ, ಮಿಕ್ಕವರು ಆಡಬೇಕು.

1985ರ ನವೆಂಬರಿನಲ್ಲಿ ಮಾದಕ ವಸ್ತುಗಳ ಹೊಸ ಕಾಯ್ದೆ ಜಾರಿಗೆ ಬಂತು. ಅದರ ಪ್ರತಿ ನಮ್ಮ ಕೋರ್ಟಿಗೆ ತಲುಪಿದಾಗ ನಾನು ಊಟದ ಬಿಡುವಿನಲ್ಲಿ ನಿಘಂಟು ಹಿಡಿದು ಓದಿದೆ. ಚರಸ್ ಸಾಗಿಸಿದವನಿಗೆ ಕನಿಷ್ಠ ಹತ್ತು ವರ್ಷ ಕಠಿಣ ಶಿಕ್ಷೆ, ಗರಿಷ್ಠ ಇಪ್ಪತ್ತು. ದಂಡ ಒಂದು ಲಕ್ಷಕ್ಕೆ ಕಡಿಮೆ ಇಲ್ಲ. ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ, ಎಂದರೆ ಕಾರವಾರದಲ್ಲಿ. ಹದಿನೆಂಟು ತುಂಬಿದವನಿಗೆ ಪ್ರೊಬೇಷನ್ ಇಲ್ಲ. ತನ್ನ ಸೇವನೆಗೆಂದು ಚೂರು ಇಟ್ಟುಕೊಂಡವನಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಹಳೆಯ ಬಾಗಿಲು ಮುಚ್ಚಿತ್ತು. ಆ ಸುದ್ದಿ ಹೊಳೆಯ ದಡದ ಊರುಗಳಿಗೆ ಮುಟ್ಟಿರಲಿಲ್ಲ. ಮುಟ್ಟಿಸುವ ಕೆಲಸ ಯಾರದೂ ಆಗಿರಲಿಲ್ಲ.

ಮಾದೇವನಿಗೆ ಆಗ ಇಪ್ಪತ್ತಾರು ವರ್ಷ. ಹೆಂಡತಿ, ಒಂದು ಹೆಣ್ಣು ಮಗು. ನೂರಾರು ಕೈ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಟ್ರಾಲರುಗಳು ಬಂದ ಮೇಲೆ ಮುಗಿದಿತ್ತು. ಧಾರೇಶ್ವರದ ಆ ಕೇರಿಯಲ್ಲಿ ಉಳಿದಿದ್ದದ್ದು ಏಂಡಿ ಎಂಬ ಚಿಕ್ಕ ಎಳೆಬಲೆ. ಅದರ ಹಗ್ಗವನ್ನು ಮಳಲಿನ ಮೇಲೆ ನಿಂತು ಎಳೆಯುವಾಗ ಯಾವ ಮನೆಯ ಒಂದು ಕೈ ಇರುತ್ತದೋ ಆ ಮನೆಗೆ ಮೀನಿನಲ್ಲಿ ಒಂದು ಪಾಲು. ಕೈ ಇಲ್ಲದಿದ್ದರೆ ಪಾಲಿಲ್ಲ. ಆ ಪಾಲು ವರ್ಷದಿಂದ ವರ್ಷಕ್ಕೆ ಬುಟ್ಟಿಯ ತಳಕ್ಕೆ ಇಳಿಯುತ್ತಿದ್ದಾಗ, ಗೋಕರ್ಣದ ಕಡೆಯ ಕಡಲತೀರಕ್ಕೆ ಬರುತ್ತಿದ್ದ ಹೊರಗಿನವರಿಗೆ ಪೊಟ್ಟಣ ಮುಟ್ಟಿಸುವ ಕೆಲಸ ಅವನಿಗೆ ಸಿಕ್ಕಿತು. ಕೊಡುತ್ತಿದ್ದವನ ನಿಜವಾದ ಹೆಸರು ಅವನಿಗೂ ಗೊತ್ತಿರಲಿಲ್ಲ. ಹೆದ್ದಾರಿಯ ತಿರುವಿನಲ್ಲಿ, ಸೈಕಲ್ಲಿನ ಹಿಂದೆ ಕಟ್ಟಿದ್ದ ಮೀನು ಬುಟ್ಟಿಯಲ್ಲಿ, ಸುಮಾರು ಅರ್ಧ ಕಿಲೋ ಚರಸ್ ಪೊಲೀಸರಿಗೆ ಸಿಕ್ಕಿತು.

ಅಂಥ ಪ್ರಕರಣಗಳಲ್ಲಿ ಆ ದಿನಗಳಲ್ಲಿ ಜಾಮೀನು ಸಿಗುತ್ತಿತ್ತು. ಕಾರವಾರದಲ್ಲಿ ಜಾಮೀನು ಪಡೆದು ಅವನು ಹೊರಬಂದ. ಅವನ ವಕೀಲರು ಕುಮಟೆಯ ತರುಣರು, ಕೆಲಸದಲ್ಲಿ ಚುರುಕು. ಪೊಟ್ಟಣ ವಶಪಡಿಸಿಕೊಂಡಾಗ ನೋಡಿದೆವೆಂದು ಸಹಿ ಹಾಕಿದ್ದ ಪಂಚರಿಬ್ಬರಲ್ಲಿ ಒಬ್ಬ ಆ ಹೊತ್ತಿಗೆ ಹೊನ್ನಾವರದ ಒಂದು ಮದುವೆಯಲ್ಲಿ ಬಡಿಸುತ್ತಿದ್ದ ಎಂಬುದನ್ನು ಅವರು ಪತ್ತೆ ಹಚ್ಚಿದ್ದರು. "ಇವನು ಬಾಯಿ ಮುಚ್ಚಿಕೊಂಡು ಇದ್ದರೆ ಸಾಕು, ಬಿಡಿಸಿಕೊಂಡು ಬರುತ್ತೇನೆ," ಎಂದು ಅವರು ನನ್ನೆದುರಿಗೇ ಹೇಳಿದ್ದುಂಟು. ಅವರು ಯಾರೊಂದಿಗೂ ಸೇರಿಕೊಂಡಿರಲಿಲ್ಲ.

ಒಂದು ಭಾನುವಾರ ಬುಧವಂತ ಜಟ್ಟಪ್ಪ ಹೇಳಿಕಳಿಸಿದ. ಅರವತ್ತು ದಾಟಿದ, ಒಂದು ಕಣ್ಣಿಗೆ ಪೊರೆ ಬಂದಿದ್ದ ಹಿರಿಯ. ಕೇರಿಯಲ್ಲಿ ಕೂಟ ಸೇರುತ್ತದೆ, ಹೊಸ ಕಾನೂನು ಎಂತದೋ ಬಂದಿದೆಯಂತೆ, ಬಂದು ಹೇಳಬೇಕು ಎಂದು ಅವನ ಕೋರಿಕೆ. ಕೋರ್ಟಿನ ನೌಕರ ಆರೋಪಿಯ ಕಡೆಯವರಿಗೆ ಸಲಹೆ ಹೇಳುವುದು ನಿಯಮಕ್ಕೆ ವಿರುದ್ಧ. ಅದು ಗೊತ್ತಿದ್ದೇ ಹೋದೆ. ಈಗ ಕರೆದರೂ ಹೋಗುತ್ತೇನೆ.

ದೋಣಿಗಳನ್ನು ಎಳೆದಿಡುವ ಚಪ್ಪರದ ಅಡಿಯಲ್ಲಿ ಗಂಡಸರು ಸುತ್ತ ಕೂತಿದ್ದರು. ಹೆಂಗಸರು ಹೊರಗೆ, ಕವುಚಿ ಹಾಕಿದ ದೋಣಿಯ ಆಚೆ. ಮಾದೇವ ನಡುವೆ ನಿಂತು ಎಲ್ಲವನ್ನೂ ಹೇಳಿದ. ಈ ಸಲದ್ದು ಮೂರನೆಯ ಪೊಟ್ಟಣ ಎಂದ. ಮೊದಲ ಪೊಟ್ಟಣದಿಂದ ಚಿಟಿಕೆಯಷ್ಟು ಮುರಿದು ತುಳಸಕ್ಕನ ಮಗ ಗಣುವಿಗೆ ಸೇದಲು ಕೊಟ್ಟವನು ತಾನೇ, ಆಮೇಲೆ ಕೇಳಿದಾಗಲೆಲ್ಲ ಕೊಟ್ಟೆ ಎಂದ. ಇದು ಪೊಲೀಸರಿಗೆ ಗೊತ್ತಿರಲಿಲ್ಲ.

ಗಣುವಿಗೆ ಹತ್ತೊಂಬತ್ತು. ತಂದೆ ಇಲ್ಲದ ಮನೆ. ತಾಯಿ ಕುಮಟೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು; ಹಗ್ಗ ಹಿಡಿಯುವ ಆ ಮನೆಯ ಒಂದೇ ಕೈ ಅವನದು. ಒಂದು ವರ್ಷದಿಂದ ಆ ಕೈ ಬೆಳಿಗ್ಗೆ ಏಳುವುದನ್ನೇ ಮರೆತಿತ್ತು.

ದೋಣಿಯ ಆಚೆಯಿಂದ ತುಳಸಕ್ಕ ಎದ್ದು ಬಂದಳು. ಜಟ್ಟಪ್ಪ ಕೈ ಅಡ್ಡ ಹಿಡಿದ. "ಹೆಂಗಸ್ರು ಕೂಟದಲ್ಲಿ ಮಾತಾಡು ಪದ್ಧತಿ ಇಲ್ಲ ತುಳಸಿ."

"ನನ್ನ ಮಗ ಸೇದಿದ್ದು ಯಾವ ಪದ್ಧತಿ ಭಾವ? ಅದಕ್ಯಾಕೆ ನೀ ಅಡ್ಡ ಕೈ ಹಿಡೀಲಿಲ್ಲ?"

ಯಾರೋ ನಕ್ಕರು. ಜಟ್ಟಪ್ಪ ನಗಲಿಲ್ಲ, ಆದರೆ ಕೈ ಇಳಿಸಿದ. ತುಳಸಕ್ಕ ಮಾದೇವನ ಮುಖ ನೋಡದೆ ಶಿಕ್ಷೆ ಹೇಳಿದಳು. "ಗಣು ಸಮ ಆಗು ತನಕ ಇಂವ ಎರಡು ಮನೆ ಹಗ್ಗ ಎಳೀಲಿ. ಒಂದು ಪಾಲು ಇವ್ನ ಹೆಂಡ್ತಿಗೆ, ಒಂದು ನಂಗೆ. ಬೆಳಿಗ್ಗೆ ನನ್ನ ಮನೆ ಬಾಗ್ಲಿಗೆ ಬಂದು ಹುಡ್ಗನ್ನ ಎಬ್ಬಿಸ್ಕಂಡು ಮಳಲಿಗೆ ಕರ್ಕಂಡ್ ಹೋಗುದು ಇವ್ನದೇ ಕೆಲ್ಸ. ಹುಡ್ಗ ಬೈದ್ರೆ ಬೈಸ್ಕಳ್ಳಿ, ಹೊಡದ್ರೆ ಹೊಡಸ್ಕಳ್ಳಿ. ಕೆಡ್ಸಿದ್ದು ಇಂವ. ಸಮ ಮಾಡುದೂ ಇಂವನೇ."

ಕೂಟದ ನ್ಯಾಯವೆಲ್ಲ ಹಾಲಿನಂಥದು ಎನ್ನುವವರನ್ನು ನಾನು ನಂಬುವುದಿಲ್ಲ. ಅದೇ ಕೂಟ ಒಬ್ಬ ವಿಧವೆ ಮರುಮದುವೆಯಾದಳೆಂದು ಅವಳ ಮನೆಯನ್ನು ವರ್ಷಗಟ್ಟಲೆ ಹೊರಗಿಟ್ಟಿತ್ತು. ಆದರೆ ಆ ದಿನ ನಾನು ಕೇಳಿದ ಶಿಕ್ಷೆಯಂಥದ್ದನ್ನು ಎಂಟು ವರ್ಷದಲ್ಲಿ ನಮ್ಮ ಪೀಠದಿಂದ ಕೇಳಿರಲಿಲ್ಲ. ಅದು ಹಗುರವಾದ ಶಿಕ್ಷೆಯಲ್ಲ. ಮಾದೇವನ ಮುಖ ಬಿಳಿಚಿದ್ದನ್ನು ನೋಡಿದೆ. ಆದರೂ ಅವನು ತಲೆಯಾಡಿಸಿದ. "ಆತು," ಎಂದ.

ಆಮೇಲೆ ನನ್ನ ಸರದಿ. ಹೊಸ ಕಾನೂನನ್ನು ಬಿಡಿಸಿ ಹೇಳಿದೆ. ಕೋರ್ಟಿನಲ್ಲಿ ಒಪ್ಪಿದರೆ ಹತ್ತು ವರ್ಷ, ಅದಕ್ಕಿಂತ ಕಡಿಮೆ ಮಾಡಲು ಯಾರಿಗೂ ಬರುವುದಿಲ್ಲ, ಹಿರಿಯರ ಮಾತಿಗೆ ಅಲ್ಲಿ ಜಾಗವೇ ಇಲ್ಲ ಎಂದೆ.

"ಮಿರ್ಜಾನದವ್ರ ಮಾತು ಕೇಳಿದ್ರಲ್ಲ ಕಾರಕೂನ್ರೇ?" ಎಂದ ಜಟ್ಟಪ್ಪ.

"ಅದು ಹಳೆಯ ಕಾನೂನು."

"ಕೋರ್ಟು ಅದೇ ಅಲ್ದ? ಕುರ್ಚಿ ಅದೇ. ಕುರ್ಚಿ ಕೆಳಗೆ ಕೂತ ನೀವೂ ಅವ್ರೇ."

"ಕುರ್ಚಿಯ ಕೈ ಕಟ್ಟಿದ್ದಾರೆ ಜಟ್ಟಪ್ಪ. ಇವನು ಸುಮ್ಮನಿದ್ದರೆ ಬಿಡುಗಡೆಯಾಗಬಹುದು. ವಕೀಲರು ಹೇಳುತ್ತಿರುವುದು ಸುಳ್ಳಲ್ಲ."

ಜಟ್ಟಪ್ಪ ಮಳಲನ್ನು ಬೆರಳಿನಿಂದ ಗೀರಿದ. "ಇಲ್ಲಿ ಒಪ್ಪಿ ಅಲ್ಲಿ ಇಲ್ಲ ಅಂದ್ರೆ, ಇಲ್ಲಿ ಹೇಳಿದ್ದು ಎಂತ ಆತು? ತಪ್ಪು ಒಪ್ಪದವ್ನ ಪರ ಕೂಟ ಹ್ಯಾಂಗೆ ಬಾಯಿ ಬಿಡುದು?"

ಒಪ್ಪದಿದ್ದರೆ ಅವರು ಮಾತನಾಡುವಂತಿಲ್ಲ. ಒಪ್ಪಿದರೆ ಮಾತನಾಡಿ ಫಲವಿಲ್ಲ. ಬಸ್ಸಿನ ರಸ್ತೆಯವರೆಗೆ ಮಾದೇವ ನನ್ನ ಜೊತೆ ಬಂದ. ನೀನಾದರೂ ಯೋಚಿಸು ಎಂದೆ. ಅವನೆಂದ: "ಯೋಚ್ನೆ ಮಾಡ್ದೆ. ಸುಮ್ನಿದ್ದು ಬಿಡಿಸ್ಕಂಡು ಬಂದೆ ಅಂದೇಳಿ ಇಟ್ಕಳ್ಳಿ. ನಾ ಹಗ್ಗ ಹಿಡೂಕೆ ಹೋದ್ರೆ ಇವ್ರು ಹಗ್ಗ ಬಿಟ್ಟು ದೂರ ನಿಂತ್ಕಂತ್ರು. ಆವಾಗ ನಾ ಎಲ್ಲಿಗೆ ಹೋಗ್ಲಿ?"

ಮರುವಾರ ಅವನು ನಮ್ಮ ಕೋರ್ಟಿಗೆ ಬಂದು, ತಾನು ತಪ್ಪೊಪ್ಪಿಗೆ ಹೇಳಿಕೆ ಕೊಡಬೇಕೆಂದು ಕೇಳಿಕೊಂಡ. ಅಂಥ ಹೇಳಿಕೆಯನ್ನು ಪೊಲೀಸರ ಎದುರು ಕೊಟ್ಟರೆ ಬೆಲೆಯಿಲ್ಲ. ಮ್ಯಾಜಿಸ್ಟ್ರೇಟರ ಎದುರು ಕೊಟ್ಟರೆ ಅದು ಕಲ್ಲಿನಲ್ಲಿ ಕೊರೆದಂತೆ. ಆದ್ದರಿಂದಲೇ ಅವರು ಮೊದಲು ಎಚ್ಚರಿಸಬೇಕು ಎಂದು ಕಾನೂನು ಹೇಳುತ್ತದೆ. ನಮ್ಮ ಸಾಹೇಬರು ಧಾರವಾಡದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಪೊಲೀಸರನ್ನೂ ವಕೀಲರನ್ನೂ ಹೊರಗೆ ಕಳಿಸಿದರು. "ನೀನು ಹೇಳಲೇಬೇಕೆಂದಿಲ್ಲ. ಹೇಳಿದರೆ ನಿನ್ನ ವಿರುದ್ಧವೇ ಬಳಸುತ್ತಾರೆ. ಯಾರಾದರೂ ಹೆದರಿಸಿದ್ದಾರೆಯೇ?" ಎಂದು ಕೇಳಿದರು. ಇಲ್ಲ ಎಂದ. ಮೈಮೇಲೆ ಪೆಟ್ಟಿನ ಗುರುತಿದೆಯೇ ಎಂದು ಅಂಗಿ ತೆಗೆಸಿ ನೋಡಿದರು. ಇರಲಿಲ್ಲ. "ಇವತ್ತು ಬೇಡ. ಮನೆಗೆ ಹೋಗಿ ಯೋಚಿಸಿ ನಾಳೆ ಬಾ," ಎಂದರು. ಅವನು ಬಾರದಿರಲಿ ಎಂಬ ಆಸೆ ಆ ದನಿಯಲ್ಲಿ ನನಗೆ ಕೇಳಿಸಿತು.

ಮರುದಿನ ಕೋರ್ಟಿನ ಬಾಗಿಲು ತೆಗೆಯುವ ಮೊದಲೇ ಅವನು ಜಗಲಿಯಲ್ಲಿದ್ದ. ಅಂಗಳದಲ್ಲಿ ಕೇರಿಗೆ ಕೇರಿಯೇ ಕೂತಿತ್ತು. ಒಗೆದ ಪಂಚೆ ಉಟ್ಟವರು, ಮೀನು ಬುಟ್ಟಿಯನ್ನು ಮರದಡಿ ಇಟ್ಟು ಬಂದವರು. ಪೇಟೆಯವರು ಅದನ್ನು ನೋಡಿ, ಕೇರಿಯವರೇ ಹಿಡಿದು ತಂದರು ಎಂದು ಅರ್ಥ ಮಾಡಿಕೊಂಡರು. ಅವರು ಬಂದದ್ದು ಅವನ ಪರವಾಗಿ ಮಾತನಾಡಲು.

ಸಾಹೇಬರು ಹೇಳಿದಂತೆ ನಾನು ಬರೆದೆ. ಮಾದೇವ ಕೂಟದಲ್ಲಿ ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. ಗಣುವಿನ ವಿಷಯಕ್ಕೆ ಬಂದಾಗ ಸಾಹೇಬರು ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ಪೊಲೀಸರ ಕಾಗದದಲ್ಲಿ ಎಲ್ಲೂ ಇಲ್ಲದ ಅಪರಾಧ ಅದು. ಬರೆಯಬೇಡ ಎನ್ನಲು ಅವರಿಗೆ ಬರುವುದಿಲ್ಲ. ಬರೆಯುವುದಿಲ್ಲ ಎನ್ನಲು ನನಗೆ ಬರುವುದಿಲ್ಲ. ಬರೆದೆ. ಓದಿ ಹೇಳಿದೆ. ಅವನು ಸಹಿ ಹಾಕಿದ.

ಹೊರಗೆ ಜಟ್ಟಪ್ಪ ಎದ್ದು ನಿಂತು, "ಈಗ ನಾವು ಒಳಗೆ ಬರುದಾ?" ಎಂದು ಕೇಳಿದ. ಅವನನ್ನೂ ತುಳಸಕ್ಕನನ್ನೂ ಸಾಹೇಬರು ಒಳಗೆ ಕರೆದರು. "ಶಿಕ್ಷೆ ಕೊಡುವವನು ನಾನಲ್ಲ. ಈ ಪ್ರಕರಣ ಕಾರವಾರಕ್ಕೆ ಹೋಗುತ್ತದೆ. ನಿಮ್ಮ ಮಾತು ಕೇಳಬೇಕಾದವರು ಅಲ್ಲಿದ್ದಾರೆ," ಎಂದರು. ಅಲ್ಲಿಯೂ ಕೇಳುವವರಿಗೆ ಅಧಿಕಾರವಿಲ್ಲ ಎಂಬುದನ್ನು ಅವರು ಹೇಳಲಿಲ್ಲ.

ಕಾರವಾರದಲ್ಲಿ ಪ್ರಕರಣ ಬಂದ ದಿನ ನಾನು ರಜೆ ಹಾಕಿ ಅವರೊಂದಿಗೆ ಬಸ್ಸು ಹತ್ತಿದೆ. ಆರೋಪ ಓದಿ ಹೇಳಿದಾಗ ಮಾದೇವ ಹೌದು ಎಂದ. ಸೆಷನ್ಸ್ ನ್ಯಾಯಾಧೀಶರು ಎರಡು ಸಲ ಬಿಡಿಸಿ ಕೇಳಿದರು. ಎರಡು ಸಲವೂ ಹೌದು ಎಂದ. ವಕೀಲರು ಕೈಯಲ್ಲಿದ್ದ ಕಡತವನ್ನು ಮುಚ್ಚಿದರು. ಮದುವೆಯಲ್ಲಿ ಬಡಿಸುತ್ತಿದ್ದ ಪಂಚನ ವಿಷಯ ಅದರೊಳಗೇ ಉಳಿಯಿತು.

ಅಪರಾಧಿ ಎಂದು ತೀರ್ಮಾನಿಸಿದ ಮೇಲೆ, ಶಿಕ್ಷೆಯ ಪ್ರಮಾಣದ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶರು ಕೇಳಬೇಕು. ಅದು ದಂಡ ಪ್ರಕ್ರಿಯಾ ಸಂಹಿತೆಯ ನಿಯಮ. ಕೇಳಿದರು. ಕೂಟದ ಪದ್ಧತಿಯಂತೆ ಮಾದೇವ ಬಾಯಿ ಮುಚ್ಚಿದ. ಅವನ ಸರದಿ ಮುಗಿದಿತ್ತು. ಹಿಂದಿನ ಬೆಂಚಿನಿಂದ ತುಳಸಕ್ಕ ಎದ್ದಳು.

"ಇವರು ಯಾರು? ಆರೋಪಿಯ ತಾಯಿಯೇ?"

"ತಾಯಿ ಅಲ್ಲ. ಅಂವ ಹಾಳು ಮಾಡಿದ ಹುಡ್ಗನ ತಾಯಿ."

ಸರ್ಕಾರಿ ವಕೀಲರು ಅವಳನ್ನು ತಡೆಯಲು ಎದ್ದವರು ಈ ಮಾತು ಕೇಳಿ ಕೂತರು. ಹೆಚ್ಚಿನ ಶಿಕ್ಷೆ ಕೇಳುತ್ತಾಳೆ ಎಂದು ಅವರು ತಿಳಿದಿರಬೇಕು. ನ್ಯಾಯಾಧೀಶರು, ಇದು ದಾಖಲೆಗೆ ಹೋಗುವುದಿಲ್ಲ, ಆದರೂ ಹೇಳಿ ಎಂದರು. ಚಪ್ಪರದಲ್ಲಿ ಹೇಳಿದ್ದನ್ನೇ ತುಳಸಕ್ಕ ಹೇಳಿದಳು. ಎರಡು ಮನೆಯ ಹಗ್ಗ, ಬೆಳಗಿನ ಎಬ್ಬಿಸುವಿಕೆ, ಎಲ್ಲವನ್ನೂ. ಕೊನೆಗೆ ಎಂದಳು: "ಅವ್ನ ಬಿಡಿ ಅಂತ ಕೇಳೂಕೆ ಬಂದದ್ದಲ್ಲ ನಾನು. ಶಿಕ್ಷೆ ಕೊಡಿ. ನಮ್ಮ ಕಣ್ಣೆದ್ರಿಗೆ ಕೊಡಿ. ಹತ್ತು ವರ್ಷ ಅಂವ ಗೋಡೆ ಒಳಗೆ ಕೂತ್ರೆ ನನ್ನ ಹುಡ್ಗನ್ನ ಎಬ್ಬಿಸು ಕೆಲ್ಸ ಯಾರು ಮಾಡುದು?"

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮಾ, ಹತ್ತಕ್ಕಿಂತ ಹೆಚ್ಚು ಕೊಡಲು ಈ ಕಾಯ್ದೆ ನನಗೆ ಬಿಟ್ಟಿದೆ. ಕಡಿಮೆ ಕೊಡಲು ಬಿಟ್ಟಿಲ್ಲ."

"ಮತ್ತೆ ಕೇಳಿದ್ದು ಎಂತಕ್ಕೆ?"

ಅವಳು ಅದನ್ನು ಸಿಟ್ಟಿನಿಂದ ಕೇಳಲಿಲ್ಲ. ಮೀನಿನ ಬೆಲೆ ಕೇಳಿ ಕೊಳ್ಳದೆ ಹೋಗುವವರನ್ನು ಕೇಳುವ ದನಿಯಲ್ಲೇ ಕೇಳಿದಳು. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ಆದೇಶದ ಹಾಳೆ ಎತ್ತಿಕೊಂಡರು. ಹತ್ತು ವರ್ಷ ಕಠಿಣ ಶಿಕ್ಷೆ, ಕಾಯ್ದೆ ಹೇಳಿದ ದಂಡ, ದಂಡ ಕೊಡದಿದ್ದರೆ ಅದರ ಮೇಲೆ ಇನ್ನಷ್ಟು ಸೆರೆ. ಆದೇಶ ಓದುವಾಗ ನ್ಯಾಯಾಧೀಶರು ತಲೆ ಎತ್ತಲಿಲ್ಲ. ಹಿಂತಿರುಗುವ ಬಸ್ಸು ಅಂಕೋಲೆ ದಾಟಿದ ಮೇಲೆ ಜಟ್ಟಪ್ಪ ನನ್ನ ಕಡೆ ತಿರುಗಿ, "ನೀವು ಮೊದ್ಲೇ ಹೇಳಿದ್ರಿ," ಎಂದ. ಅದಕ್ಕಿಂತ ಭಾರವಾದ ಮೆಚ್ಚುಗೆಯನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

ಕಠಿಣ ಕಾನೂನು ಬಂದ ಮೇಲೆ ಕರಾವಳಿ ಶುದ್ಧವಾಯಿತು ಎಂದು ಕೆಲವರು ಬರೆದಿದ್ದಾರೆ. ನಾನು ಕೂತ ಮೇಜಿನಿಂದ ಹಾಗೆ ಕಾಣಲಿಲ್ಲ. ಹೊತ್ತವರು ಬಂದರು, ಹೊರಿಸಿದವರು ನನ್ನ ಕಾಲದಲ್ಲಿ ಒಬ್ಬರೂ ಬರಲಿಲ್ಲ. ಆ ಮಳೆಗಾಲ ಮುಗಿದು ಬಲೆ ಇಳಿಸಿದಾಗ, ಎಂದೂ ಹೆಂಗಸರು ಹಿಡಿಯದ ಹಗ್ಗವನ್ನು ತುಳಸಕ್ಕ ಹಿಡಿದಳು. ಕೂಟ ಬೇಡವೆನ್ನಲಿಲ್ಲ. ಗಣು ಮರುವರ್ಷ ಗೋವೆಯ ಕಡೆ ಟ್ರಾಲರಿಗೆ ಹೋಗುತ್ತೇನೆಂದು ಹೊರಟ. ಎರಡು ಸಲ ಸುದ್ದಿ ಬಂತು, ಆಮೇಲೆ ಬರಲಿಲ್ಲ.

1989ರಲ್ಲಿ ನನಗೆ ಹೊನ್ನಾವರಕ್ಕೆ ವರ್ಗವಾಯಿತು. ಹೊರಡುವ ಮುನ್ನ ಕುಮಟೆಯ ಮೀನು ಪೇಟೆಯಲ್ಲಿ ಜಟ್ಟಪ್ಪ ಸಿಕ್ಕಿದ. ಕೂಟ ಹೇಗೆ ನಡೆಯುತ್ತಿದೆ ಎಂದು ಕೇಳಿದೆ.

"ಸೇರ್ತದೆ. ಆದ್ರೆ ಈಗ ಯಾರೂ ಒಪ್ಪುದಿಲ್ಲ ಕಾರಕೂನ್ರೇ. ಮೊನ್ನೆ ಒಬ್ಬ ಬಲೆ ಕದ್ದ. ನಡುವೆ ನಿಲ್ಸಿ ಕೇಳಿದ್ರೆ, ವಕೀಲ್ರನ್ನ ಕೇಳ್ಕಂಡು ಬತ್ತೆ ಅಂದ."

"ನೀನು ಏನೆಂದೆ?"

"ಎಂತ ಅಂಬುದು? ಮಾದೇವನ್ನ ನೋಡಿದವ ಅಂವ."

ಬೆಂಚ್ ಕ್ಲಾರ್ಕ್ ಕೆಲಸ ನನಗೆ ಕಲಿಸಿದ್ದು ಹೆಚ್ಚೇನಲ್ಲ. ಯಾರಾದರೂ ಬಂದು, ನಾನು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದರೆ, ಯಾರ ಎದುರು ಎಂದು ಮೊದಲು ಕೇಳುತ್ತೇನೆ. ಕೇಳಿಸಿಕೊಂಡು ಏನಾದರೂ ಮಾಡಬಲ್ಲವರ ಎದುರು ಹೇಳಿದ ಸತ್ಯಕ್ಕೂ, ಕೇಳಿಸಿಕೊಳ್ಳುವುದಷ್ಟೇ ಉಳಿದವರ ಎದುರು ಹೇಳಿದ ಸತ್ಯಕ್ಕೂ ಬಹಳ ಅಂತರವಿದೆ. ಆ ಅಂತರವನ್ನು ದಾಟಿಸುವ ದೋಣಿ ನಮ್ಮ ಕೋರ್ಟಿನಲ್ಲಿ ಒಂದು ಕಾಲಕ್ಕೆ ಇತ್ತು. ಅದನ್ನು ತೆಗೆದರು. ತೆಗೆದದ್ದನ್ನು ದಡದಲ್ಲಿ ನಿಂತವರಿಗೆ ಯಾರೂ ಹೇಳಲಿಲ್ಲ. ನಾನು ಹೇಳಿದೆ, ಆ ಹೊತ್ತಿಗೆ ಮಾದೇವ ಕೂಟದಲ್ಲಿ ಎಲ್ಲವನ್ನೂ ಒಪ್ಪಿ ನೀರಿಗೆ ಇಳಿದಾಗಿತ್ತು.